ಭಾವನ ದೀರ್ಘ ನಮಸ್ಕಾರ

ನಮ್ಮ ಭಾವನಷ್ಟು ಜನರ ಕಾಲಿಗೆ ಬಿದ್ದ ವಿಜ್ಞಾನಿ ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಬೇಕಾದರೆ ರಾಜಕಾರಣಿಗಳನ್ನೂ ಪೈಪೋಟಿಗೆ ಕರೆಯಿರಿ, ನಮಗೇನೂ ಅಂಜಿಕೆಯಿಲ್ಲ. ಟಿಕೆಟ್ ಸಿಕ್ಕಿದ ಮೇಲೆ ಅವರ ಸೊಂಟ ಬಗ್ಗುವುದು ನಿಂತುಹೋಗುತ್ತದೆ. ನಮ್ಮ ಭಾವನ ಸೊಂಟ ಹಾಗಲ್ಲ. ಮದುವೆಯಿರಲಿ, ನಾಮಕರಣವಿರಲಿ, ಯಾರದೋ ತಿಥಿಯೂಟವೇ ಇರಲಿ, ತಮಗಿಂತ ನಾಲ್ಕು ದಿನ ಮೊದಲು ಹುಟ್ಟಿದ ಯಾರೇ ಕಣ್ಣಿಗೆ ಬಿದ್ದರೂ ಭಾವ ಕಾಲಿಗೆ ಬಿದ್ದೇ ಬೀಳುತ್ತಾರೆ. ಬಿದ್ದವರು ಬೇಗ ಏಳುವುದೂ ಇಲ್ಲ.

ನಾವು ನೀವೆಲ್ಲ ಕಾಲಿಗೆ ಬೀಳುವುದು ಹೇಗೆ? ಅರ್ಧ ಬಗ್ಗಿ, ಹಿರಿಯರ ಮಂಡಿಯ ಹತ್ತಿರ ಎಲ್ಲೋ ಗಾಳಿಯನ್ನು ಮುಟ್ಟಿ, ಕೈ ಎದೆಗೆ ತಂದರೆ ಮುಗಿಯಿತು. ಹಿರಿಯರೂ ಅಷ್ಟರಲ್ಲೇ ‘ಇರ್ಲಿ ಇರ್ಲಿ’ ಅಂದಿರುತ್ತಾರೆ. ಭಾವ ಹಾಗೆ ತೇಲಿಸುವವರಲ್ಲ. ಮಂಡಿಯೂರಿ ಕೂರುತ್ತಾರೆ. ಎರಡೂ ಕೈಗಳನ್ನು ಪಾದದ ಹಿಂದಕ್ಕೆ ಒಯ್ದು, ಹಿಮ್ಮಡಿಯ ಮೇಲಿರುವ ಆ ಗಟ್ಟಿ ಹುರಿ ಇದೆಯಲ್ಲ, ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುತ್ತಾರೆ. ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರುತ್ತಾರೆ. ಅಷ್ಟು ಹೊತ್ತೂ ಕಣ್ಣು ಮುಚ್ಚಿರುತ್ತದೆ. ನೋಡಿದವರಿಗೆ ಭಕ್ತಿ ಉಕ್ಕಬೇಕು, ಹಾಗಿರುತ್ತದೆ ಆ ದೃಶ್ಯ.

ಉಕ್ಕುತ್ತಿತ್ತು ಕೂಡ. ಕೋಣನಕುಂಟೆಯಲ್ಲಿರುವ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನಿಗಂತೂ ಭಾವ ಅಂದರೆ ಪ್ರಾಣ. ತನ್ನ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು, ‘ನೋಡ್ರೋ, ದೇಶ ವಿದೇಶ ಸುತ್ತಿರೋ ಸೈಂಟಿಸ್ಟು. ಎರಡು ಕೈಲೂ ಕಾಲು ಹಿಡೀತಾರೆ. ನೀವೂ ಇದ್ದೀರ, ಬಗ್ಗು ಅಂದ್ರೆ ಸೊಂಟ ಹಿಡ್ಕೊಂಡಿದೆ ಅಂತೀರ’ ಎಂದು ಎಲ್ಲರೆದುರು ಮಂಗಳಾರತಿ ಮಾಡುತ್ತಿದ್ದರು. ಆ ಅಣ್ಣಂದಿರು ಭಾವನನ್ನು ಕಂಡರೆ ಇವತ್ತಿಗೂ ಮುಖ ತಿರುಗಿಸುವುದು ಇದೇ ಕಾರಣಕ್ಕೆ.

ಇನ್ನೊಬ್ಬರು ದೂರದ ಮಾವ, ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಾಲಿಗೆ ಬಿದ್ದವರನ್ನು ಅವರು ಜೀವನದಲ್ಲಿ ಬೇಕಾದಷ್ಟು ನೋಡಿದ್ದರು. ಭಾವ ಏಳದೇ ಇದ್ದುದನ್ನು ಕಂಡು ಮೆಲ್ಲಗೆ ಬಗ್ಗಿ, ‘ಏನಪ್ಪಾ, ನನ್ನಿಂದ ಏನಾದ್ರೂ ಕೆಲಸ ಆಗ್ಬೇಕಿತ್ತಾ?’ ಅಂದರು.

‘ಹೌದು ಮಾವ’ ಎಂದರು ಭಾವ, ಕೆಳಗಿನಿಂದಲೇ. ‘ಒಂದ್ಸಲ ಬೆಳಿಗ್ಗೆ ಖಾಲಿ ಹೊಟ್ಟೇಲಿ ನಿಮ್ಮ ರಕ್ತ ಬೇಕಿತ್ತು.’

ಅಂದಿನಿಂದ ಆ ಮಾವ ಭಾವ ಬರುವ ಮದುವೆಗಳಲ್ಲಿ ಶೂ ಬಿಚ್ಚುವುದಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಜೆ.ಪಿ. ನಗರದಲ್ಲಿ. ಕೆಲಸ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನೋಡುತ್ತಿರುವುದು ಒಂದನ್ನೇ: ನಾವು ತಿಂದ ತುಪ್ಪ, ಎಣ್ಣೆ, ಬೆಣ್ಣೆ ಮೈಯೊಳಗೆ ಹೋಗಿ ಏನಾಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾರ ಮೈ ಅದನ್ನು ವಿಲೇವಾರಿ ಮಾಡುತ್ತದೆ, ಯಾರ ಮೈ ಮಾಡುವುದಿಲ್ಲ. ನೆಂಟರ ಬಾಯಲ್ಲಿ ಅವರು ‘ಕೊಬ್ಬಿನ ಡಾಕ್ಟರು’. ಹೆಸರಿನ ಹಿಂದೆ ಡಾಕ್ಟರ್ ಇರುವುದರಿಂದ ಜ್ವರ, ಮಂಡಿನೋವು, ಮಗುವಿನ ಭೇದಿ ಎಲ್ಲಕ್ಕೂ ಅವರನ್ನೇ ಕೇಳುತ್ತಾರೆ. ‘ನಾನು ಆ ಡಾಕ್ಟರ್ ಅಲ್ಲ’ ಎಂದು ಅವರು ಹೇಳಿದರೆ, ‘ಯಾವ ಡಾಕ್ಟರಾದ್ರೂ ಪರ್ವಾಗಿಲ್ಲ, ಒಂದು ಮಾತ್ರೆ ಹೇಳಿ’ ಎನ್ನುತ್ತಾರೆ.

ಇಂಥವರ ಜೊತೆ ಬೀದಿಯಲ್ಲಿ ನಡೆದುಹೋಗುವುದೂ ಒಂದು ಸಾಹಸ. ಹೊಸಕೆರೆಹಳ್ಳಿಯ ತಿರುವಿನಲ್ಲಿ ಒಂದು ಬಜ್ಜಿ ಗಾಡಿ ಇದೆ. ಹುಬ್ಬಳ್ಳಿ ಕಡೆಯವನದು. ಒಂದು ಸಂಜೆ ಮೆಣಸಿನಕಾಯಿ ಬಜ್ಜಿ ತಿನ್ನೋಣವೆಂದು ನಾನು ಕರೆದುಕೊಂಡು ಹೋದರೆ, ಭಾವ ಬಜ್ಜಿಯ ಕಡೆ ನೋಡಲೇ ಇಲ್ಲ. ಬಾಣಲೆಯನ್ನೇ ನೋಡುತ್ತ ನಿಂತರು. ಮೂಗು ಹತ್ತಿರ ಒಯ್ದು ಹೊಗೆಯನ್ನು ಮೂಸಿದರು. ಆಮೇಲೆ ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು, ‘ಅಣ್ಣಾ, ಇದಕ್ಕೆ ಒಂಚೂರು ಎಣ್ಣೆ ಹಾಕಿಕೊಡ್ತೀರಾ?’ ಎಂದು ಕೇಳಿದರು.

ಆತನ ಮುಖ ಬಿಳಿಚಿಕೊಂಡಿತು. ‘ಯಾಕ್ರೀ ಸರ? ಕಾರ್ಪೊರೇಷನ್ನದವರ ಏನ್ರಿ? ಎಣ್ಣಿ ದಿನಾ ಬದಲ ಮಾಡ್ತೀನ್ರಿ, ನಮ್ಮವ್ವನ ಆಣಿ.’

‘ಬದಲಾಯಿಸಬೇಡಿ’ ಎಂದರು ಭಾವ, ಗಾಬರಿಯಾಗಿ. ‘ನನಗೆ ಹಳೇದೇ ಬೇಕು. ಎಷ್ಟು ಹಳೇದಾದ್ರೆ ಅಷ್ಟು ಒಳ್ಳೇದು.’

ಆತ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರೊಳಗೆ ಏನೇನು ಹುಟ್ಟುತ್ತದೆ ಎಂದು ಲ್ಯಾಬಿನಲ್ಲಿ ನೋಡಬೇಕಿತ್ತಂತೆ. ಆತ ಎಣ್ಣೆ ಕೊಟ್ಟ, ಮೇಲೊಂದು ಪೊಟ್ಟಣ ಬಜ್ಜಿಯನ್ನೂ ಕೊಟ್ಟು ಕೈಮುಗಿದ. ಈಗಲೂ ನಾವು ಆ ದಾರಿಯಲ್ಲಿ ಹೋದರೆ ಗಾಡಿಯ ಮೇಲೆ ಹೊಸ ಎಣ್ಣೆಯ ಪ್ಯಾಕೆಟ್ಟು ನಮಗೆ ಕಾಣುವ ಹಾಗೆ ಬಂದು ಕೂರುತ್ತದೆ.

ಯುಗಾದಿಯ ಕಥೆ ಇದಕ್ಕಿಂತ ದೊಡ್ಡದು. ಭಾವನಿಗೆ ಆ ವರ್ಷ ಊಟವಾದ ಮೇಲಿನ ರಕ್ತ ಬೇಕಾಗಿತ್ತು. ಎಲ್ಲರೂ ಖಾಲಿ ಹೊಟ್ಟೆಯ ರಕ್ತ ನೋಡುತ್ತಾರೆ, ಆದರೆ ಮನುಷ್ಯ ದಿನದ ಬಹುಪಾಲು ಹೊಟ್ಟೆ ತುಂಬಿಸಿಕೊಂಡೇ ಇರುತ್ತಾನಲ್ಲ, ಆ ರಕ್ತ ನೋಡಬೇಡವೇ ಎಂದು ಅವರ ವಾದ. ವಾದ ಸರಿಯೇ ಇತ್ತು. ಅದಕ್ಕೆ ಅವರು ಆರಿಸಿಕೊಂಡ ಊಟ ಮಾತ್ರ ನಮ್ಮ ಮನೆಯ ಹೋಳಿಗೆ ಊಟ! ಲ್ಯಾಬಿನಿಂದ ರಕ್ತ ತೆಗೆಯುವ ಹುಡುಗಿಯನ್ನು ಕರೆದುಕೊಂಡು, ಒಪ್ಪಿಗೆ ಪತ್ರಗಳನ್ನು ಹಿಡಿದುಕೊಂಡು ಶ್ರೀನಗರದ ನಮ್ಮ ಮನೆಗೆ ಬಂದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆವರೆಗೆ ಓದಿ, ‘ಇಷ್ಟೊಂದು ಷರತ್ತು ನನ್ನ ಮದುವೇಲೂ ಇರ್ಲಿಲ್ಲ’ ಎಂದು ಸಹಿ ಹಾಕಿದರು.

ಎಲ್ಲರೂ ತುಪ್ಪದಲ್ಲಿ ಅದ್ದಿದ ಹೋಳಿಗೆ ತಿಂದು ಕೂತರು. ಮೂರು ಗಂಟೆಯ ನಂತರ, ಪಾತ್ರೆ ಎತ್ತುವ ನೆಪದಲ್ಲಿ ಜಾರಿಕೊಂಡ ನನ್ನೊಬ್ಬನನ್ನು ಬಿಟ್ಟು, ಎಲ್ಲರೂ ರಕ್ತ ಕೊಟ್ಟರು. ಭಾವ ಅಷ್ಟಕ್ಕೇ ಎದ್ದುಹೋಗಿದ್ದರೆ ಹಬ್ಬ ಚೆನ್ನಾಗಿಯೇ ಮುಗಿಯುತ್ತಿತ್ತು. ಜೊತೆಗೆ ತಂದಿದ್ದ ಚಿಕ್ಕ ಯಂತ್ರದಲ್ಲಿ ಕೊಳವೆಗಳನ್ನು ಗಿರಗಿರ ತಿರುಗಿಸಿ, ಒಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗೆ ಕೆಂಪು, ಮೇಲೆ ಹಳದಿ ನೀರು ಇರಬೇಕಾದ ಕಡೆ ಹಾಲಿನ ಹಾಗೆ ಬೆಳ್ಳಗೆ.

‘ನೋಡಿ, ಇದೇ ನೀವು ತಿಂದ ತುಪ್ಪ. ಮೆರವಣಿಗೆ ಹೊರಟಿದೆ.’

ಆ ಕೊಳವೆ ದೊಡ್ಡಮ್ಮನ ಗಂಡ, ನನ್ನ ದೊಡ್ಡಪ್ಪನದು. ದೊಡ್ಡಪ್ಪ ಅದನ್ನು ನೋಡಿದರು, ತಟ್ಟೆಯಲ್ಲಿ ಉಳಿದಿದ್ದ ಹೋಳಿಗೆಯನ್ನು ನೋಡಿದರು, ಗೋಡೆಗೆ ಒರಗಿದರು. ನೀರು ಚಿಮುಕಿಸಿ ಎಬ್ಬಿಸಬೇಕಾಯಿತು. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, ‘ಉಳಿದ ಹೋಳಿಗೆ ಯಾರು ತಿಂದ್ರು?’

ಇಷ್ಟೆಲ್ಲ ನಗುವ ಮನೆಯಲ್ಲಿ ನಗದೆ ಬಿಡುತ್ತಿದ್ದ ಒಂದು ವಿಷಯವೂ ಇತ್ತು. ನಮ್ಮ ಅಪ್ಪನ ಕಡೆಯ ಗಂಡಸರು ಬೇಗ ಹೋಗುತ್ತಾರೆ. ಒಬ್ಬರೂ ದಪ್ಪ ಇರಲಿಲ್ಲ. ಎಲ್ಲರೂ ಕಡ್ಡಿಪೈಲ್ವಾನರೇ, ಬೀಡಿ ಮುಟ್ಟಿದವರಲ್ಲ, ಕುಡಿದವರಲ್ಲ. ತಾತ ಹೋದದ್ದು ಹೊಲದ ಬದುವಿನ ಮೇಲೆ, ಚಿಕ್ಕಪ್ಪ ಹೋದದ್ದು ಬಸ್ಸಿನಲ್ಲಿ, ಅಪ್ಪ ಹೋದದ್ದು ಆಫೀಸಿನ ಮೆಟ್ಟಿಲ ಮೇಲೆ. ಅಪ್ಪನಿಗೆ ಆಗಿನ್ನೂ ಐವತ್ತು ಮುಟ್ಟಿರಲಿಲ್ಲ. ಅಕ್ಕನ ಮದುವೆಯಾಗಿ ವರ್ಷವಾಗಿತ್ತಷ್ಟೆ. ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಅತಿಯಾದ ಕೋಪ ಅಂದರು, ಯಾರದೋ ದೃಷ್ಟಿ ಅಂದರು, ಹಣೆಯಲ್ಲಿ ಬರೆದದ್ದು ಅಂದರು. ನಾನು ಮೆಟ್ಟಿಲು ಹತ್ತುವಾಗಲೆಲ್ಲ ಕೆಳಗೆ ನಿಂತು ನೋಡುವ ಅಭ್ಯಾಸ ಅಮ್ಮನಿಗೆ ಹತ್ತಿಕೊಂಡಿತು.

ಭಾವನ ನಮಸ್ಕಾರದ ಗುಟ್ಟು ನನಗೆ ಗೊತ್ತಾದದ್ದು ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ. ಅವತ್ತು ಅವರು ಅಡುಗೆಯವರ ಕಾಲಿಗೂ ಬಿದ್ದುಬಿಟ್ಟರು. ‘ಸಾರು ಸಖತ್ತಾಗಿದೆ, ನಿಮ್ಮ ಕಾಲು ಕೊಡಿ’ ಎಂದು ಒಲೆಯ ಹತ್ತಿರವೇ ಕೂತದ್ದು. ಅಡುಗೆಯವರು ಸೌಟು ಹಿಡಿದುಕೊಂಡೇ ಹಿಂದೆ ಸರಿದರು. ಭಾವ ಬಿಡಲಿಲ್ಲ. ಕಾಲು ಹಿಡಿದ ಮೇಲೆ ಮೇಲೆ ನೋಡಿ, ‘ನಿಮ್ಮ ತಂದೆ ಇದ್ದಾರಾ?’ ಎಂದು ಕೇಳಿದರು. ಅವರು ಇಲ್ಲವೆಂದರು. ‘ಅಣ್ಣತಮ್ಮಂದಿರು?’ ಒಬ್ಬ ಹೋದ ಎಂದರು. ಭಾವ ಎದ್ದು ಅವರ ಫೋನ್ ನಂಬರ್ ಬರೆದುಕೊಂಡರು.

ವಾಪಸ್ಸು ಬರುವಾಗ ಕಾರಿನಲ್ಲಿ ನಾನು ರೇಗಿಸಿದೆ. ‘ಏನ್ ಭಾವ, ಅಡುಗೆಯವ್ರ ಹತ್ರ ಆಶೀರ್ವಾದನಾ?’

ಭಾವ ನಗಲಿಲ್ಲ. ಮುಂದೆ ಒಂದು ಕಸದ ಆಟೋ ದಾರಿ ಬಿಡದೆ ಹೋಗುತ್ತಿತ್ತು. ಅದನ್ನೇ ತೋರಿಸಿ ಹೇಳಿದರು. ‘ನೋಡು, ರಕ್ತದಲ್ಲಿ ಕೊಲೆಸ್ಟ್ರಾಲ್ ತಿರುಗ್ತಾ ಇರತ್ತೆ. ಅದನ್ನ ಎತ್ಕೊಂಡು ಹೋಗೋದು ಲಿವರ್ ಕೆಲಸ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಅರ್ಧ ಆಟೋಗಳು ಓಡಲ್ಲ. ಅಪ್ಪನಿಗೆ ಇದ್ರೆ ಮಕ್ಕಳಲ್ಲಿ ಅರ್ಧ ಜನಕ್ಕೆ ಬರಬಹುದು. ಅವರು ಸಣ್ಣ ಇರ್ಲಿ, ದಪ್ಪ ಇರ್ಲಿ, ತುಪ್ಪ ತಿನ್ಲಿ, ಬಿಡ್ಲಿ. ಆಟೋ ಬರದ ಬೀದಿ ಹೆಂಗಿರತ್ತೆ? ಮೂಲೆ ಮೂಲೇಲಿ ಗುಡ್ಡೆ ಬೀಳತ್ತೆ. ಹೃದಯದ ನಾಳದಲ್ಲಿ ಬೀಳತ್ತೆ, ಹಿಮ್ಮಡಿ ಹುರೀಲೂ ಬೀಳತ್ತೆ. ಹೃದಯದ್ದು ಹೊರಗಡೆಯಿಂದ ಕಾಣಲ್ಲ. ಹಿಮ್ಮಡಿದು ಕೈಗೆ ಸಿಗತ್ತೆ, ಹಗ್ಗದ ಥರ ದಪ್ಪಗೆ.’

‘ಅದಕ್ಕೇನು ಔಷಧಿ ಇಲ್ವಾ?’

‘ಇದೆಯಲ್ಲೋ. ದಿನಾ ಒಂದು ಮಾತ್ರೆ. ಬೇಗ ಶುರು ಮಾಡಿದ್ರೆ ಎಲ್ಲರ ಥರ ಮುದುಕರಾಗ್ತಾರೆ. ಗೊತ್ತಾಗ್ಬೇಕಲ್ಲ ಮೊದಲು. ರಕ್ತ ಕೊಡಿ ಅಂದ್ರೆ ಯಾರೂ ಕೊಡಲ್ಲ. ಕಾಲಿಗೆ ಬೀಳ್ತೀನಿ ಅಂದ್ರೆ ಯಾರೂ ಬೇಡ ಅನ್ನಲ್ಲ.’

ಎಂಥ ಘಾಟಿ ಮನುಷ್ಯ ನೋಡಿ! ಆ ಅಡುಗೆಯವರೂ ಅವರ ಉಳಿದ ತಮ್ಮನೂ ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ, ಗಟ್ಟಿಮುಟ್ಟಾಗಿದ್ದಾರೆ. ಭಾವ ಯಾವ ಮದುವೆಯಲ್ಲಿ ಕಂಡರೂ ಕೃತಜ್ಞತೆ ತಡೆಯಲಾರದೆ ತಾವೇ ಬಂದು, ಎಲ್ಲರಿಗಿಂತ ದೊಡ್ಡ ಸೌಟಿನಲ್ಲಿ ಅವರ ಎಲೆಗೆ ತುಪ್ಪ ಸುರಿಯುತ್ತಾರೆ.

ಅಕ್ಕನ ಕಾಲನ್ನು ಭಾವ ಎಂದೋ ನೋಡಿ ಮುಗಿಸಿದ್ದರು. ಅದೂ ಭೀಮನ ಅಮಾವಾಸ್ಯೆಯ ದಿನ. ಅಕ್ಕ ಗಂಡನ ಪಾದಪೂಜೆಗೆಂದು ತಟ್ಟೆ, ನೀರು, ಅರಿಶಿನ ಕುಂಕುಮ ಜೋಡಿಸಿಕೊಂಡು ಬಂದರೆ, ಭಾವ ಅವಳನ್ನೇ ಮಣೆಯ ಮೇಲೆ ಕೂರಿಸಿ ತಾವು ಅವಳ ಕಾಲು ಹಿಡಿದರಂತೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ‘ಏನ್ರಪ್ಪಾ ಇದು’ ಎಂದು ಅಡುಗೆಮನೆಗೆ ಓಡಿಹೋದಳು. ಭಾವ ಹಿಮ್ಮಡಿ ಸವರಿ, ‘ನಿಂದು ತುಂಬ ಸಪೂರ ಇದೆ. ಚೆನ್ನಾಗಿದೆ’ ಅಂದರು. ಆಮೇಲೆ ರಕ್ತವನ್ನೂ ನೋಡಿದರು, ಅದೂ ಚೆನ್ನಾಗಿತ್ತು. ‘ಮದುವೆಯಾದಾಗಿಂದ ನಿಮ್ಮ ಭಾವ ನನ್ನನ್ನ ಹೊಗಳಿರೋದು ಅದೊಂದೇ ಸಲ’ ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಇನ್ನು ಉಳಿದವನು ನಾನು.

ಕಾರಿನಲ್ಲಿ ಆ ಮಾತು ಕೇಳಿದ ದಿನ ನಾನು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತು ನನ್ನ ಹಿಮ್ಮಡಿ ಮುಟ್ಟಿ ನೋಡಿಕೊಂಡೆ. ದಪ್ಪಗಿದೆ ಅನ್ನಿಸಿತು. ಹೆಂಡತಿಯನ್ನು ಕರೆದು, ಏನೂ ಕಾರಣ ಹೇಳದೆ, ಅವಳದನ್ನೂ ಮುಟ್ಟಿ ನೋಡಿದೆ. ಅವಳದು ತೆಳ್ಳಗಿತ್ತು. ‘ಏನ್ರೀ ಇದು, ನಿಮ್ಮ ಭಾವನ ಗಾಳಿ ಬೀಸಿತಾ?’ ಎಂದು ಅವಳು ನಕ್ಕಳು. ನಾನೂ ನಕ್ಕೆ. ಮಾರನೆಯ ದಿನ ಹೋಗಿ ಒಂದು ಕಟ್ಟು ಸಾಕ್ಸ್ ತಂದೆ.

ಅಂದಿನಿಂದ ಭಾವ ಬರುವ ಸುಳಿವು ಸಿಕ್ಕರೆ ಸಾಕು, ನನ್ನ ಕಾಲಿಗೆ ಸಾಕ್ಸ್ ಏರುತ್ತಿತ್ತು. ಬೇಸಿಗೆಯಲ್ಲಿ, ಪಂಚೆಯ ಕೆಳಗೆ, ಹಬ್ಬದ ದಿನ ಎಣ್ಣೆಸ್ನಾನ ಮಾಡಿ ಬಂದ ಮೇಲೂ. ‘ಯಾಕೋ ಸಾಕ್ಸು?’ ಅಂದರೆ ‘ನೆಲ ತಣ್ಣಗಿದೆ ಭಾವ’ ಅನ್ನುತ್ತಿದ್ದೆ. ‘ರಕ್ತ ಯಾವಾಗ ಕೊಡ್ತೀಯ?’ ಅಂದರೆ ‘ನಮ್ಮ ಬ್ಯಾಂಕಲ್ಲಿ ಆಡಿಟ್ ಇದೆ ಭಾವ’ ಅನ್ನುತ್ತಿದ್ದೆ. ನಾನು ಚಿಕ್ಕವನು, ಅವರು ದೊಡ್ಡವರು. ಅಡುಗೆಯವರ ಕಾಲಿಗೆ ಬಿದ್ದ ಮನುಷ್ಯ ಅಂತ ಹೆಂಡತಿಯ ತಮ್ಮನ ಕಾಲಿಗೆ ಬೀಳಲಾಗುತ್ತದೆಯೇ? ಹಾಗೇನಾದರೂ ಮಾಡಿದರೆ ನನ್ನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅಮ್ಮ ಬೊಬ್ಬೆ ಹಾಕುತ್ತಿದ್ದಳು. ನಮ್ಮ ಸಂಪ್ರದಾಯ ಮತ್ತು ಹತ್ತಿಯ ಸಾಕ್ಸ್, ಇವೆರಡರ ಹಿಂದೆ ನಾನು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿದ್ದೆ. ಯಾಕೆ ಅಂದರೆ ಭಯ. ಗೊತ್ತಾಗದಿದ್ದರೆ ಇಲ್ಲವೇ ಇಲ್ಲ ಎಂದುಕೊಂಡು ದಿನ ನೂಕಬಹುದಲ್ಲ.

ಹೋದ ವರ್ಷ ನನಗೆ ಅಪ್ಪ ಹೋದ ವಯಸ್ಸಾಯಿತು. ಯಾರಿಗೂ ಹೇಳಲಿಲ್ಲ. ಆದರೆ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುವುದು ಶುರುವಾಯಿತು. ಕಾರ್ತಿಕದಲ್ಲಿ ನಮ್ಮ ಬೀದಿಯ ಗೆಳೆಯರು ಶಬರಿಮಲೆಗೆ ಮಾಲೆ ಹಾಕುವಾಗ ನಾನೂ ಹಾಕಿಬಿಟ್ಟೆ. ಈ ವರ್ಷ ಒಂದು ದಾಟಿಸಪ್ಪಾ ಎಂದು ಬೇಡಿಕೊಂಡೆ. ಕಪ್ಪು ಪಂಚೆ, ತಣ್ಣೀರು ಸ್ನಾನ, ಎರಡು ಹೊತ್ತು ಪೂಜೆ. ಎಲ್ಲ ಯೋಚನೆ ಮಾಡಿಯೇ ಹಾಕಿದ್ದೆ. ಮಾಲೆ ಹಾಕಿದವನು ಬರಿಗಾಲಲ್ಲಿ ಇರಬೇಕು, ಸಾಕ್ಸಿಗೆ ಅಲ್ಲಿ ಅವಕಾಶವಿಲ್ಲ ಎನ್ನುವುದೊಂದು ಮಾತ್ರ ಹೊಳೆದಿರಲಿಲ್ಲ. ಇನ್ನೊಂದೂ ಹೊಳೆದಿರಲಿಲ್ಲ. ಮಾಲೆ ಹಾಕಿದವನು ಸ್ವಾಮಿ. ಸ್ವಾಮಿಯ ಕಾಲಿಗೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಬೀಳುತ್ತಾರೆ. ಹೆತ್ತ ತಾಯಿಯೂ ಬೀಳುತ್ತಾಳೆ.

ಮೊದಲ ಶನಿವಾರ ನಮ್ಮ ಮನೆಯಲ್ಲಿ ಭಜನೆ. ಹಾಲ್ ತುಂಬ ಕಪ್ಪು ಬಟ್ಟೆಯ ಸ್ವಾಮಿಗಳು, ನಡುವೆ ನಮ್ಮ ಗುರುಸ್ವಾಮಿ. ಹದಿನೆಂಟು ಸಲ ಬೆಟ್ಟ ಹತ್ತಿದವರು. ಬಾಗಿಲಲ್ಲಿ ನೋಡುತ್ತೇನೆ, ಭಾವ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತಿದ್ದಾರೆ. ದೇವರ ಕೋಣೆಯ ದಿಕ್ಕೇ ಗೊತ್ತಿಲ್ಲದ ಮನುಷ್ಯ! ಪಕ್ಕದಲ್ಲಿ ಅಕ್ಕ, ‘ಇವರೇ ಹೊರಡಿಸಿಕೊಂಡು ಬಂದ್ರು’ ಎಂದು ಹಿಗ್ಗಿಹೋಗಿದ್ದಾಳೆ.

ಪೂಜೆಯಾಯಿತು. ಎಲ್ಲರೂ ಸಾಲಾಗಿ ಸ್ವಾಮಿಗಳ ಕಾಲಿಗೆ ಬೀಳತೊಡಗಿದರು. ಭಾವ ಬೇರೆ ಸ್ವಾಮಿಗಳನ್ನು ಕಣ್ಣೆತ್ತಿಯೂ ನೋಡದೆ ನೇರ ನನ್ನ ಮುಂದೆ ಬಂದು ಮಂಡಿಯೂರಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೆನ್ನಿಗೆ ಗೋಡೆ ತಗುಲಿತು.

‘ಸ್ವಾಮಿಯೇ ಶರಣಮಯ್ಯಪ್ಪ’ ಎಂದರು ಭಾವ. ಹಿಡಿದುಕೊಂಡರು.

ಎರಡು ಬೆರಳು ಮೇಲಿನಿಂದ ಕೆಳಕ್ಕೆ ಹೋದವು. ಕೆಳಗಿನಿಂದ ಮೇಲಕ್ಕೆ ಬಂದವು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇನ್ನೊಂದು ಸಲ ಸವರಿದರು. ಆಮೇಲೆ ಬೆರಳು ಆಡಲಿಲ್ಲ. ಸುಮ್ಮನೆ ನನ್ನ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ ಕೂತುಬಿಟ್ಟರು. ಸಾಲು ನಿಂತಿತು. ಹೆಂಡತಿ ಅಕ್ಕನ ಕಿವಿಯಲ್ಲಿ ‘ನಿಮ್ಮನೆಯವ್ರಿಗೂ ಭಕ್ತಿ ಬಂತು’ ಅಂದಳು. ಭಾವ ತಲೆ ಎತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು. ಗುರುಸ್ವಾಮಿ ಅದನ್ನು ಕಂಡು ಕೈಯೆತ್ತಿ ಶರಣು ಕೂಗಿದರು. ಇಡೀ ಮನೆ ಕೂಗಿತು. ನಾನು ಪಂಚೆಯನ್ನು ಹಿಮ್ಮಡಿಯವರೆಗೆ ಇಳಿಸಿಕೊಂಡೆ.

ಪ್ರಸಾದ ಹಂಚುವಾಗ ಭಾವ ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಅಷ್ಟು ಮೆಟ್ಟಿಲನ್ನೂ ನನ್ನ ಹಿಂದೆಯೇ, ಅಮ್ಮನ ಹಾಗೆ ನೋಡುತ್ತ ಹತ್ತಿದರು.

‘ಸ್ವಾಮಿಗಳೇ, ಬೆಟ್ಟ ಹತ್ತೋ ಮುಂಚೆ ನೀವು ರಕ್ತ ಕೊಡ್ಬೇಕು.’

‘ಅಯ್ಯಪ್ಪ ನೋಡ್ಕೋತಾನೆ ಭಾವ.’

‘ಸ್ವಾಮಿಗಳಿಗೆ ತಲೆ ಇದೆಯೇನೋ? ಆ ಬೆಟ್ಟ ಎಷ್ಟು ಕಡಿದು ಗೊತ್ತಾ ನಿಂಗೆ?’ ಎಂದು ಒಂದೇ ಉಸಿರಿನಲ್ಲಿ ಸ್ವಾಮಿ ಪಟ್ಟದಿಂದ ನನ್ನನ್ನು ಕೆಳಗಿಳಿಸಿದರು. ಆಮೇಲೆ ನೀರಿನ ತೊಟ್ಟಿಗೆ ಒರಗಿದರು.

‘ಧಾರೆ ದಿನ ನಿಮ್ಮಪ್ಪ ನನ್ನ ಕಾಲು ತೊಳೆದ್ರು, ನೆನಪಿದೆಯಾ?’ ಅಂದರು.

ನೆನಪಿತ್ತು. ತಂಬಿಗೆ ಹಿಡಿದುಕೊಂಡು ನೀರು ಹಾಕುತ್ತಿದ್ದವನು ನಾನೇ.

‘ಆಮೇಲೆ ನಾನು ಅವರ ಕಾಲಿಗೆ ಬಿದ್ದೆ. ಹೊಸ ಅಳಿಯ ಅಲ್ವಾ, ಭಯಕ್ಕೆ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ದಪ್ಪಗೆ ಕೈಗೆ ಸಿಕ್ತು ಕಣೋ. ಹಳೇ ಏಟು ಏನೋ ಇರ್ಬೇಕು ಅಂದ್ಕೊಂಡೆ. ಆಗ ನಾನು ಓದ್ತಿದ್ದದ್ದೇ ಬೇರೆ, ಗಿಡಗಳ ವಿಷಯ. ವರ್ಷಕ್ಕೆ ಅವರು ಹೋದ್ರು. ಅದಾದ್ಮೇಲೆ ಒಂದಿನ ಲ್ಯಾಬಲ್ಲಿ ಯಾರೋ ಒಂದು ಪುಸ್ತಕ ತೆರೆದಿಟ್ಟಿದ್ರು. ಅದರಲ್ಲಿ ಒಂದು ಕಾಲಿನ ಫೋಟೋ. ಬರೀ ಹಿಮ್ಮಡಿ, ಮುಖ ಇಲ್ಲ. ನಾನು ನಿಂತಲ್ಲೇ ಹೇಳ್ದೆ, ಇದು ನಮ್ಮ ಮಾವನ ಕಾಲು ಅಂತ.’

ಕೆಳಗೆ ಭಜನೆ ಮತ್ತೆ ಶುರುವಾಗಿತ್ತು.

‘ಆಮೇಲೇ ನಾನು ಗಿಡ ಬಿಟ್ಟು ಈ ಕೆಲಸಕ್ಕೆ ಬಂದಿದ್ದು. ನಿಮ್ಮಕ್ಕಂಗೂ ಹೇಳಿಲ್ಲ. ಅವತ್ತು ನನ್ನ ಕೈಲಿತ್ತು, ನಂಗೆ ಗೊತ್ತಾಗ್ಲಿಲ್ಲ. ಇವತ್ತು ನಿಂದು ನನ್ನ ಕೈಲಿತ್ತು. ಇವತ್ತು ಗೊತ್ತಾಗಿದೆ. ಗೊತ್ತಿದ್ದೂ ನಿನ್ನನ್ನ ಆ ಬೆಟ್ಟಕ್ಕೆ ಹೆಂಗೋ ಕಳಿಸ್ಲಿ?’

ನನಗೆ ಅಪ್ಪನ ನೆನಪಿಗಿಂತ ಹೆಚ್ಚಾಗಿ ಆ ಮದುವೆ ಮನೆಗಳು ನೆನಪಾದವು. ಮಂಡಿಯೂರಿ, ಕಣ್ಣು ಮುಚ್ಚಿ, ಸಿಕ್ಕಸಿಕ್ಕವರ ಹಿಮ್ಮಡಿ ಹಿಡಿದುಕೊಂಡು ಕೂರುತ್ತಿದ್ದ ಈ ಮನುಷ್ಯ. ನಾವೆಲ್ಲ ಬೆನ್ನ ಹಿಂದೆ ಎಷ್ಟು ನಕ್ಕಿದ್ದೆವು. ಈ ಮನುಷ್ಯ ಅಷ್ಟು ಜನರ ಕಾಲಿನಲ್ಲೂ ಒಬ್ಬರ ಕಾಲನ್ನೇ ಹುಡುಕುತ್ತಿದ್ದರು. ನನಗೆ ಅಳು ಬಂತು. ಮಾಲೆ ಹಾಕಿದವರು ಅಳಬಾರದೆಂದು ಎಲ್ಲೂ ಇಲ್ಲ ಅಂದುಕೊಂಡು ಅತ್ತೆ.

ಸೋಮವಾರ ಬೆಳಿಗ್ಗೆ ಬನಶಂಕರಿಯ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಭಾವ ನನ್ನ ಚಪ್ಪಲಿ ಇಲ್ಲದ ಕಾಲಿನ ಪಕ್ಕದಲ್ಲಿ ತಾವೂ ಚಪ್ಪಲಿ ಬಿಟ್ಟು ಕೂತಿದ್ದರು. ಬಂದ ಅಂಕಿ ನೋಡಿ ಲ್ಯಾಬಿನವರು ತಪ್ಪಾಗಿರಬೇಕೆಂದು ಇನ್ನೊಂದು ಸಲ ಪರೀಕ್ಷೆ ಮಾಡಿದರು. ತಪ್ಪಾಗಿರಲಿಲ್ಲ. ಜಯನಗರದ ಹೃದಯದ ಡಾಕ್ಟರು ಇನ್ನೂ ನಾಲ್ಕು ಪರೀಕ್ಷೆ ಮಾಡಿಸಿ, ನಾಳಗಳು ಕಿರಿದಾಗಿವೆ, ಆದರೆ ಕೈಮೀರಿಲ್ಲ, ಮಾತ್ರೆ ಇವತ್ತಿನಿಂದಲೇ ಶುರು, ಬೆಟ್ಟ ಈ ವರ್ಷ ಬೇಡ ಅಂದರು. ನಮ್ಮ ಒಬ್ಬಳೇ ಮಗಳ ರಕ್ತವನ್ನೂ ನೋಡಿಸಿದೆವು. ಅವಳ ಪಾಲಿನ ಆಟೋಗಳೆಲ್ಲ ಓಡುತ್ತಿವೆ ಎಂದು ಭಾವ ಹೇಳಿದಾಗ ನನ್ನ ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಬೆಟ್ಟದ ವಿಷಯ ಗುರುಸ್ವಾಮಿಗೆ ಹೇಗೆ ಹೇಳುವುದೆಂದು ನನಗೆ ಸಂಕೋಚ. ಅವರು ಸಮಾಧಾನವಾಗಿ ಎಲ್ಲವನ್ನೂ ಕೇಳಿ, ‘ವ್ರತ ಪೂರ್ತಿ ಮಾಡಿ ಸ್ವಾಮಿ. ಮಾಲೆ ನಮ್ಮ ಬಡಾವಣೆ ದೇವಸ್ಥಾನದಲ್ಲೇ ಇಳಿಸೋಣ. ಬೆಟ್ಟ ಎಲ್ಲೂ ಹೋಗಲ್ಲ. ನೀವು ಮೊದಲು ಇರಿ’ ಅಂದರು. ಆಮೇಲೆ, ‘ನಿಮ್ಮ ಭಾವನವರನ್ನ ಒಂದ್ಸಲ ನಮ್ಮ ಮನೆಗೂ ಕರೆದುಕೊಂಡು ಬನ್ನಿ. ನಮ್ಮ ಅಣ್ಣ ಚಿಕ್ಕ ವಯಸ್ಸಲ್ಲೇ ಹೋದ’ ಎಂದರು.

ಮಾಲೆ ಇಳಿಸಿದ ದಿನ ಅಮ್ಮ, ಅಕ್ಕ, ಭಾವ ಎಲ್ಲರೂ ದೇವಸ್ಥಾನಕ್ಕೆ ಬಂದಿದ್ದರು. ಮಾಲೆ ಕೊರಳಿನಿಂದ ಹೊರಗೆ ಬಂತು. ಅಮ್ಮ ಹತ್ತಿರ ಬಂದು, ‘ಈಗ ನೀನು ಸ್ವಾಮಿ ಅಲ್ಲ. ದೊಡ್ಡೋರ ಕಾಲಿಗೆ ಬೀಳು’ ಅಂದಳು. ಅವಳ ಕಾಲಿಗೆ ಬಿದ್ದೆ. ಭಾವನ ಕಡೆ ತಿರುಗಿದೆ.

ಇಷ್ಟು ವರ್ಷ ಅವರಿಗೂ ನಾನು ಗಾಳಿ ಮುಟ್ಟುವ ನಮಸ್ಕಾರವನ್ನೇ ಮಾಡಿದ್ದು. ಅವತ್ತು ಮಂಡಿಯೂರಿದೆ. ಎರಡೂ ಕೈಗಳನ್ನು ಅವರ ಪಾದದ ಹಿಂದಕ್ಕೆ ಒಯ್ದು ಹಿಮ್ಮಡಿ ಹಿಡಿದೆ. ಬೆಚ್ಚಗಿತ್ತು.

‘ಏನೋ, ಎಷ್ಟು ಹೊತ್ತು? ದಪ್ಪ ಇದೆಯೇನೋ?’ ಎಂದರು ಭಾವ ಮೇಲಿನಿಂದ.

‘ಇಲ್ಲ ಭಾವ. ಸಪೂರ ಇದೆ.’

‘ಮತ್ತೆ ಏಳು.’

‘ಏಳ್ತೀನಿ ಭಾವ’ ಅಂದೆ. ಏಳಲಿಲ್ಲ, ಹಿಡಿದುಕೊಂಡೇ ಇದ್ದೆ.